ಅಳೆದವರು ಮತ್ತು ಅಳತೆಗೆ ಸಿಕ್ಕವರು: ಹೊಗೆನಕಲ್ ಸೀಮೆಯಲ್ಲಿ ಅಭಿವೃದ್ಧಿಯ ಸಂಶೋಧನೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವ್ಯಾಪಾರ, ತಂತ್ರಜ್ಞಾನ ಮತ್ತು ಜಗತ್ತಿನ ಆರ್ಥಿಕ ಅಭಿವೃದ್ಧಿಯ ಬಗ್ಗೆ ವಿದ್ವಾಂಸರು ನಡೆಸುತ್ತಿರುವ ಸಂಶೋಧನೆಯನ್ನು ಕುರಿತು ಮಾತನಾಡಬೇಕೆಂದು ನೀವು ಕೇಳಿದ್ದೀರಿ. ಈ ವಿಷಯದ ಪುಸ್ತಕಗಳು ಅಚ್ಚಾಗುವುದು ದೂರದ ಊರುಗಳಲ್ಲಿ. ಓದುವವರೂ ಹೆಚ್ಚಾಗಿ ದೂರದವರೇ. ಆದರೆ ಆ ಪುಸ್ತಕಗಳು ಚರ್ಚಿಸುವ ದೊಡ್ಡ ಪ್ರಶ್ನೆಗಳಲ್ಲಿ ಕೆಲವು ನಾವು ಕುಳಿತಿರುವ ಈ ಹೊಗೆನಕಲ್ ಸೀಮೆಯಲ್ಲೇ ಹುಟ್ಟಿದವು. ಇನ್ನು ಕೆಲವು ಇಲ್ಲಿ ಪರೀಕ್ಷೆಗೆ ಒಳಗಾದವು. ಭೂಮಿಯ ಒಡೆತನ ಯಾರದಾಗಿರಬೇಕು, ನದಿಯ ನೀರನ್ನು ಹೇಗೆ ಲೆಕ್ಕ ಹಾಕಬೇಕು, ವಿದೇಶಿ ಸಾಲದಿಂದ ಕಟ್ಟಿದ ಯೋಜನೆಯ ಲಾಭ ಯಾರಿಗೆ, ಹುಟ್ಟಬೇಕಾಗಿದ್ದ ಹೆಣ್ಣುಮಕ್ಕಳು ಎಲ್ಲಿ ಹೋದರು? ಇವೆಲ್ಲವೂ ಸೇಲಂ–ಧರ್ಮಪುರಿಯ ಪ್ರಶ್ನೆಗಳು.

ಈ ಸೀಮೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಅಳತೆಗೆ ಒಳಗಾಗಿದೆ. ಇಲ್ಲಿನ ಹೊಲಗಳನ್ನು ಅಳೆದರು, ಹೊಳೆಯನ್ನು ಅಳೆದರು, ಬಾವಿಯ ನೀರನ್ನು ಅಳೆದರು, ಜನರನ್ನು ಎಣಿಸಿದರು. ಅಳತೆಯಿಲ್ಲದೆ ವಿಜ್ಞಾನವಿಲ್ಲ, ಅರ್ಥಶಾಸ್ತ್ರವೂ ಇಲ್ಲ; ಆದ್ದರಿಂದ ಅಳೆದದ್ದಕ್ಕೆ ನನ್ನ ಆಕ್ಷೇಪವಿಲ್ಲ. ನಾನು ಕೇಳುವುದು ಒಂದೇ: ಅಳೆದದ್ದು ಅಳತೆಗೆ ಸಿಕ್ಕವರ ಕೈಗೆ, ಅವರ ಭಾಷೆಯಲ್ಲಿ, ಅವರ ಉಪಯೋಗಕ್ಕೆ ಬಂದಿತೇ? ಬಂದಾಗ ಬದುಕು ಸುಧಾರಿಸಿದೆ. ಬಾರದಿದ್ದಾಗ ಅದೇ ಅಳತೆ ಜನರ ಮೇಲೆ ಹೊರೆಯಾಗಿ ಕುಳಿತಿದೆ. ಇದನ್ನು ಒಂದೊಂದೇ ಉದಾಹರಣೆಯಿಂದ ತೋರಿಸಲು ಪ್ರಯತ್ನಿಸುತ್ತೇನೆ.

1. ಹೊಲ ಅಳೆದ ಕಾಲ

1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಸುಲ್ತಾನ್ ತನ್ನ ರಾಜ್ಯದ ಅರ್ಧದಷ್ಟನ್ನು ಬಿಟ್ಟುಕೊಡಬೇಕಾಯಿತು. ಹಾಗೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಪ್ರದೇಶಗಳಲ್ಲಿ ಬಾರಾಮಹಲ್ ಮತ್ತು ಸೇಲಂ ಸೇರಿದ್ದವು. ಇಂದಿನ ಧರ್ಮಪುರಿ, ಕೃಷ್ಣಗಿರಿ ಸೀಮೆ ಎಂದರೆ ಅಂದಿನ ಬಾರಾಮಹಲ್. ಅದರ ಆಡಳಿತಕ್ಕೆ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಬಂದ. ಅವನ ಸಹಾಯಕರಲ್ಲಿ ಒಬ್ಬ ಥಾಮಸ್ ಮನ್ರೋ. ಮುಂದೆ ಕೆನರಾ ಜಿಲ್ಲೆಯ ಕಲೆಕ್ಟರಾಗಿ, 1820ರಿಂದ 1827ರವರೆಗೆ ಮದ್ರಾಸಿನ ಗವರ್ನರಾಗಿ ಹೆಸರು ಮಾಡಿದ ಮನ್ರೋ ಕಂದಾಯದ ಕೆಲಸ ಕಲಿತದ್ದು ಈ ನೆಲದಲ್ಲಿ. ಏಳು ವರ್ಷ ಇಲ್ಲಿದ್ದ.

ಆ ಕಾಲಕ್ಕೆ ಬಂಗಾಳದಲ್ಲಿ ಕಂಪನಿ ಜಮೀನ್ದಾರರೊಂದಿಗೆ ಕಾಯಂ ಕರಾರು ಮಾಡಿಕೊಳ್ಳುತ್ತಿತ್ತು. ರೀಡ್ ಮತ್ತು ಮನ್ರೋ ಇಲ್ಲಿ ಬೇರೆ ದಾರಿ ಹಿಡಿದರು. ಹೊಲಗಳನ್ನು ಒಂದೊಂದಾಗಿ ಅಳೆಸಿ, ಉಳುವ ರೈತನ ಹೆಸರಿಗೇ ಕಂದಾಯ ಕಟ್ಟಿದರು. ನಾವು ಶಾಲೆಯಲ್ಲಿ ಓದಿದ ರೈತವಾರಿ ಪದ್ಧತಿಯ ಮೊದಲ ಪ್ರಯೋಗ ನಡೆದದ್ದು ಹೀಗೆ. ಇಲ್ಲಿಂದ ಅದು ಮದ್ರಾಸ್ ಪ್ರಾಂತ್ಯಕ್ಕೆ, ಬೊಂಬಾಯಿಗೆ ಹರಡಿ ಕೋಟ್ಯಂತರ ರೈತರ ಬದುಕಿನ ಚೌಕಟ್ಟಾಯಿತು.

ಇನ್ನೂರು ವರ್ಷಗಳ ನಂತರ, 2005ರಲ್ಲಿ, ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಪ್ರಕಟಿಸಿದರು. ಬ್ಯಾನರ್ಜಿಯವರು 2019ರಲ್ಲಿ ನೊಬೆಲ್ ಪಡೆದವರು. ಬ್ರಿಟಿಷರ ಕಾಲದಲ್ಲಿ ಜಮೀನ್ದಾರರ ಕೈಗೆ ಭೂಮಿ ಹೋದ ಜಿಲ್ಲೆಗಳಿಗೂ ರೈತನ ಹೆಸರಿನಲ್ಲೇ ಉಳಿದ ಜಿಲ್ಲೆಗಳಿಗೂ ಸ್ವಾತಂತ್ರ್ಯಾನಂತರ ಏನು ವ್ಯತ್ಯಾಸ ಎಂದು ಅವರು ಹುಡುಕಿದರು. ಜಮೀನ್ದಾರಿ ಇದ್ದ ಜಿಲ್ಲೆಗಳು ಕೃಷಿಯ ಹೂಡಿಕೆಯಲ್ಲೂ ಇಳುವರಿಯಲ್ಲೂ, ಆರೋಗ್ಯ ಮತ್ತು ಶಿಕ್ಷಣದ ಮೇಲಿನ ವೆಚ್ಚದಲ್ಲೂ ಹಿಂದುಳಿದಿದ್ದವು. ಜಮೀನ್ದಾರಿ ಕಾನೂನು ರದ್ದಾಗಿ ದಶಕಗಳು ಕಳೆದ ಮೇಲೂ ಅದರ ನೆರಳು ಹೋಗಿರಲಿಲ್ಲ. ಒಂದು ಕಾಲದ ಸಂಸ್ಥೆಗಳು ಮುಂದಿನ ಹಲವು ತಲೆಮಾರುಗಳ ಏಳುಬೀಳನ್ನು ನಿರ್ಧರಿಸುತ್ತವೆ ಎಂಬ ಮಾತಿಗೆ ಇಂದು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ಕೊಡುವ ಪ್ರಬಲ ಸಾಕ್ಷ್ಯಗಳಲ್ಲಿ ಈ ಅಧ್ಯಯನವೂ ಒಂದು. ಆ ಸಾಕ್ಷ್ಯದ ಒಂದು ಬೇರು ಧರ್ಮಪುರಿಯಲ್ಲಿದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮನ್ರೋನ ಅಳತೆ ಕಂದಾಯಕ್ಕಾಗಿ ಮಾಡಿದ ಅಳತೆ. ಕಂದಾಯ ತರುವ ಹೊಲ ಅದರ ಕಣ್ಣಿಗೆ ಬಿತ್ತು. ಊರೊಟ್ಟಿನ ಕೆರೆ, ತೂಬು, ಹುಲ್ಲುಗಾವಲು, ಕಾಡಂಚು ಲೆಕ್ಕದ ಅಂಚಿಗೆ ಸರಿದವು. ಎಲ್ಲರ ಸೊತ್ತಾದ ಕೆರೆಯ ಹೂಳು ತೆಗೆಯುವ ಹೊಣೆ ಊರಿನದೋ ಸರ್ಕಾರದ್ದೋ ಎಂಬುದು ಮಸುಕಾಗಿ, ದಕ್ಷಿಣದ ಕೆರೆಗಳ ಅವನತಿಗೆ ಅದೂ ಕಾರಣವಾಯಿತು ಎಂದು ಹಲವು ಇತಿಹಾಸಕಾರರು ವಾದಿಸಿದ್ದಾರೆ. ಅಳೆಯದೆ ಬಿಟ್ಟದ್ದು ಕ್ರಮೇಣ ಕಳೆದುಹೋಗುತ್ತದೆ. ಕೆರೆ ಕಳೆದುಕೊಂಡ ಸೀಮೆ ಮುಂದೆ ನೆಲದಡಿಯ ನೀರಿಗೆ ಕೈಹಾಕಿತು. ಆ ಕಥೆಗೆ ಮತ್ತೆ ಬರುತ್ತೇನೆ.

2. ಹೊಳೆ ಅಳೆದ ಕಾಲ

ಕಾವೇರಿ ಜಾಗತಿಕ ತಂತ್ರಜ್ಞಾನದ ಭೂಪಟಕ್ಕೆ ಸೇರಿದ್ದು 1902ರ ಜೂನ್ 30ರಂದು. ಅಂದು ಇಲ್ಲಿಂದ ಮೇಲ್ಗಡೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆಗ ಜಗತ್ತಿನಲ್ಲೇ ಅಪರೂಪ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಕೆಲಸಕ್ಕೆ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ, ಸ್ವಿಟ್ಜರ್ಲೆಂಡಿನ ಎಶರ್ ವಿಸ್‌ನಿಂದ ಬಂದವು. ಗಣಿಗಳನ್ನು ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಕಂಪನಿ. ಮೂರು ದೇಶಗಳ ವ್ಯಾಪಾರ, ಮೈಸೂರಿನ ನೀರು, ಕೋಲಾರದ ಚಿನ್ನ ಒಂದೇ ತಂತಿಯಲ್ಲಿ ಸೇರಿದವು. ತಂತಿ ಹಾದುಹೋದ ದಾರಿಯ ಹಳ್ಳಿಗಳಿಗೆ ದೀಪ ಬರಲು ಮಾತ್ರ ಎಷ್ಟೋ ದಶಕ ಕಾಯಬೇಕಾಯಿತು.

ನಂತರ ಮೈಸೂರು ಮತ್ತು ಮದ್ರಾಸ್ ನಡುವಿನ 1924ರ ಕಾವೇರಿ ಒಪ್ಪಂದ. ಅದರ ಬಲದಿಂದ ಮೇಲೆ, ಆಗಲೇ ಕೆಲಸ ಆರಂಭವಾಗಿದ್ದ ಕೃಷ್ಣರಾಜಸಾಗರ ಪೂರ್ಣಗೊಂಡಿತು, ಕೆಳಗೆ ಮೆಟ್ಟೂರು ಎದ್ದಿತು. 1925ರಲ್ಲಿ ಕೆಲಸ ಆರಂಭವಾದ ಮೆಟ್ಟೂರು ಅಣೆಕಟ್ಟು 1934ರ ಆಗಸ್ಟ್ 21ರಂದು ಉದ್ಘಾಟನೆಯಾಗಿ ಗವರ್ನರ್ ಸ್ಟಾನ್ಲಿಯ ಹೆಸರು ಪಡೆಯಿತು. 120 ಅಡಿ ತುಂಬಿದರೆ 93.47 ಟಿಎಂಸಿ ನೀರು. ಅದರಿಂದ ತಂಜಾವೂರಿನ ಗದ್ದೆಗಳಿಗೆ ಭರವಸೆ ಬಂತು, ಮೆಟ್ಟೂರಿನಲ್ಲಿ ವಿದ್ಯುತ್ತು, ರಾಸಾಯನಿಕ ಕಾರ್ಖಾನೆ, ಮುಂದೆ ಅಲ್ಯೂಮಿನಿಯಂ ಉದ್ಯಮ ಬಂದವು. ಈ ಲಾಭಗಳನ್ನು ಎಕರೆಯಲ್ಲಿ, ಟನ್ನಿನಲ್ಲಿ, ಕಿಲೋವ್ಯಾಟಿನಲ್ಲಿ ಬರೆದಿಟ್ಟಿದ್ದಾರೆ. ಮುಳುಗಿದ ಊರುಗಳಿಗೆ ಅಂಥ ಲೆಕ್ಕಪುಸ್ತಕವಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಪಣ್ಣವಾಡಿಯ ಬಳಿ ಮೇಲೇಳುವ ನಂದಿಯನ್ನೂ ಹಳೆಯ ಇಗರ್ಜಿಯ ಗೋಪುರವನ್ನೂ ನೋಡಲು ಜನ ಹೋಗುತ್ತಾರೆ. ಅಲ್ಲಿಂದ ಎದ್ದು ಹೋದ ಮನೆತನಗಳು ಎಲ್ಲಿ ನೆಲೆಸಿದವು, ಎರಡನೆಯ ತಲೆಮಾರಿಗೆ ಏನಾದವು ಎಂಬುದು ಅಭಿವೃದ್ಧಿಯ ಸಂಶೋಧನೆಯ ಮುಖ್ಯ ಪ್ರಶ್ನೆಯಾಗಬೇಕಿತ್ತು.

ಇನ್ನು ಬಿಳಿಗುಂಡ್ಲು. ಇಲ್ಲಿಂದ ಸ್ವಲ್ಪ ಮೇಲೆ, ಗಡಿಯಲ್ಲಿ, ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕರ್ನಾಟಕದಿಂದ ತಮಿಳುನಾಡಿಗೆ ಎಷ್ಟು ನೀರು ಬಂತೆಂದು ನಿರ್ಧರಿಸುವ ಜಾಗ ಅದು. 2007ರ ಫೆಬ್ರವರಿಯಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಳಿ ಕೊಟ್ಟ ಅಂತಿಮ ಐತೀರ್ಪು ಸಾಮಾನ್ಯ ವರ್ಷದಲ್ಲಿ ಇಲ್ಲಿ 192 ಟಿಎಂಸಿ ಹರಿಯಬೇಕು ಎಂದಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದನ್ನು 177.25ಕ್ಕೆ ಇಳಿಸಿತು, ಹಾಗೆ ಕರ್ನಾಟಕಕ್ಕೆ ಹೆಚ್ಚಾಗಿ ದೊರೆತ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ ಎಂದಿತು. ದೆಹಲಿಯಲ್ಲಿ, ಚೆನ್ನೈಯಲ್ಲಿ, ಬೆಂಗಳೂರಿನಲ್ಲಿ ವಕೀಲರು ವಾದಿಸುವುದು ಬಿಳಿಗುಂಡ್ಲಿನ ಅಂಕಿಗಳನ್ನು ಹಿಡಿದು.

ಅದೇ ಅಂಕಿ ಇಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಒಳಹರಿವು ಇಷ್ಟು ಕ್ಯೂಸೆಕ್ ದಾಟಿತೆಂದರೆ ತೆಪ್ಪ ನಿಲ್ಲುತ್ತದೆ, ಸ್ನಾನ ನಿಲ್ಲುತ್ತದೆ. ತೆಪ್ಪ ಹುಟ್ಟುಹಾಕುವವರು, ಎಣ್ಣೆ ತಿಕ್ಕುವವರು, ಮೀನು ಹುರಿದು ಮಾರುವ ಹೆಂಗಸರು ಅಂದು ಕೂಲಿಯಿಲ್ಲದೆ ಮನೆಗೆ ಹೋಗುತ್ತಾರೆ. ಮೇಲ್ಗಡೆಯ ಅಣೆಕಟ್ಟು ಬಿಡುವ ನೀರಿನ ಮೊದಲ ಹೊಡೆತ ಬೀಳುವುದು ಈ ಕುಟುಂಬಗಳ ಅಡುಗೆಮನೆಗೆ. ಎರಡು ರಾಜ್ಯಗಳ ನಡುವಿನ ಸಾವಿರಾರು ಪುಟಗಳ ದಾಖಲೆಗಳಲ್ಲಿ ಭತ್ತದ ಬೆಳೆ ಇದೆ, ಕಬ್ಬು ಇದೆ, ನಗರ ಇದೆ. ತೆಪ್ಪದವರ ಕಳೆದುಹೋದ ದಿನಗೂಲಿಗೂ ಅಲ್ಲೊಂದು ಸಾಲು ಬೇಕು. ಬಿದಿರಿನ ಚೌಕಟ್ಟಿಗೆ ಹಿಂದೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಳಿದು ಮಾಡುವ ತೆಪ್ಪ ಈ ನದಿಯ ಸುಳಿ, ಬಂಡೆಗಳಿಗೆ ತಕ್ಕಂತೆ ರೂಪುಗೊಂಡ ತಂತ್ರಜ್ಞಾನ. ಅದನ್ನು ನಡೆಸುವವರ ತಿಳಿವಳಿಕೆಗೂ ವಿದ್ವತ್ತಿನಲ್ಲಿ ಸ್ಥಾನ ಬೇಕು.

3. ಬೋರ್‌ವೆಲ್ ಲಾರಿ, ಫ್ಲೋರೈಡ್, ಜಪಾನಿನ ಸಾಲ

ಕರ್ನಾಟಕದ ಯಾವ ಬಯಲುಸೀಮೆಯ ಹಳ್ಳಿಗೆ ಹೋದರೂ ಬೇಸಿಗೆಯಲ್ಲಿ ತಮಿಳುನಾಡಿನ ನಂಬರಿನ ಬೋರ್‌ವೆಲ್ ಲಾರಿ ಕಾಣುತ್ತದೆ. ಆ ಲಾರಿಗಳಲ್ಲಿ ಬಹಳಷ್ಟರ ತವರು ತಿರುಚೆಂಗೋಡು. ಇಂದು ನಾಮಕ್ಕಲ್ ಜಿಲ್ಲೆಯಲ್ಲಿರುವ ಆ ಊರು ಹಿಂದೆ ಸೇಲಂ ಜಿಲ್ಲೆಗೇ ಸೇರಿತ್ತು. ಮಳೆಯನ್ನೇ ನೆಚ್ಚಿದ್ದ ಬೇಸಾಯಗಾರ ಮನೆತನಗಳು ರಿಗ್ ಕೊಂಡು, ಪಾಲುದಾರಿಕೆ ಕಟ್ಟಿ, ಸಣ್ಣ ವರ್ಕ್‌ಷಾಪುಗಳನ್ನು ಬೆಳೆಸಿ ಭಾರತದ ಉದ್ದಗಲಕ್ಕೂ, ಆಫ್ರಿಕಾಕ್ಕೂ ಹೋದವು. ವಿದೇಶಿ ಬಂಡವಾಳವಿಲ್ಲದೆ, ದೊಡ್ಡ ಕಂಪನಿಯಿಲ್ಲದೆ ಬೆಳೆದ ಈ ಉದ್ಯಮ ವ್ಯಾಪಾರಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. ಆ ದುಡಿಮೆಯನ್ನು ನಾನು ಗೌರವಿಸುತ್ತೇನೆ.

ಆದರೆ ತಂತ್ರಜ್ಞಾನ ಎಷ್ಟು ಅಗ್ಗವಾಯಿತೋ ನೆಲದ ನೀರು ಅಷ್ಟು ಕೆಳಗೆ ಹೋಯಿತು. ಧರ್ಮಪುರಿ, ಕೃಷ್ಣಗಿರಿಯ ಅಡಿಪಾಯ ಗಟ್ಟಿ ಕಲ್ಲು. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಖನಿಜಗಳಿಂದ ಫ್ಲೋರೈಡನ್ನು ಹೀರಿಕೊಳ್ಳುತ್ತದೆ. ತೆರೆದ ಬಾವಿಯ ಮೇಲುನೀರಿಗಿಂತ ಆಳದ ಕೊಳವೆ ಬಾವಿಯ ನೀರಿನಲ್ಲಿ ಅದರ ಅಪಾಯ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ 1.5. ಮಿತಿ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ಆ ಬಾಗಿದ ಬೆನ್ನನ್ನು ನೇರಮಾಡುವ ಔಷಧಿ ಇಲ್ಲ. ನಮ್ಮ ಪಾವಗಡ, ಮುಂಡರಗಿ, ಬಾಗೇಪಲ್ಲಿಯ ಜನರಿಗೂ ಈ ನೋವು ಗೊತ್ತು.

ವಿಜ್ಞಾನಕ್ಕೆ ಇದು ಯಾವಾಗ ತಿಳಿಯಿತು? 1937ರಲ್ಲಿ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನ ಕಡೆ ಫ್ಲೋರೋಸಿಸ್ ಎಂಬ ಈ ರೋಗವನ್ನು ಷಾರ್ಟ್ ಮತ್ತು ಅವರ ಸಹೋದ್ಯೋಗಿ ವೈದ್ಯರು ಗುರುತಿಸಿ ಬರೆದರು. ಮುಂದೆ ನಾಗಪುರದ ನೀರಿ ಸಂಸ್ಥೆ ಸುಣ್ಣ, ಪಟಿಕ ಮತ್ತು ಬ್ಲೀಚಿಂಗ್ ಪುಡಿ ಬಳಸಿ ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನವನ್ನು ರೂಪಿಸಿತು. ವಿಧಾನ ಅಗ್ಗದ್ದು, ಆದರೆ ದಿನವೂ ಅಳತೆಯಿಟ್ಟು ಬೆರೆಸಬೇಕು, ಕೆಳಗೆ ಕುಳಿತ ಕೆಸರನ್ನು ಜಾಗ್ರತೆಯಿಂದ ವಿಲೇವಾರಿ ಮಾಡಬೇಕು. ಆ ಜಾಗ್ರತೆಯನ್ನು ದಿನದಿನವೂ ನಡೆಸಲು ತರಬೇತಾದ ಕೈ ಬೇಕು, ಕೈಗೆ ಸಂಬಳ ಬೇಕು. ಪ್ರಯೋಗಾಲಯದಲ್ಲಿ ಗೆದ್ದ ತಂತ್ರ ಹಳ್ಳಿಯಲ್ಲಿ ಸೋಲುವುದು ಬಹುಪಾಲು ಇಂಥ ಕಾರಣಗಳಿಗೆ.

ಕೊನೆಗೆ ಸಿದ್ಧವಾದದ್ದು ಹೊಗೆನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣೆ ಯೋಜನೆ. 2008ರ ಮಾರ್ಚಿನಲ್ಲಿ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಬ್ಯಾಂಕು ಸುಮಾರು 2,200 ಕೋಟಿ ಯೆನ್ ಸಾಲದ ಒಪ್ಪಂದ ಮಾಡಿತು. ಅದೇ ವರ್ಷ ಆ ಸಾಲದ ಕೆಲಸ ಜಪಾನಿನದೇ ಆದ ಜೈಕಾ ಸಂಸ್ಥೆಯ ಪಾಲಿಗೆ ಬಂತು. 2008ರ ವಸಂತದಲ್ಲಿ ಈ ಯೋಜನೆಯ ಸುತ್ತ ಎರಡೂ ರಾಜ್ಯಗಳಲ್ಲಿ ಎದ್ದ ಬೆಂಕಿ ನಮಗೆಲ್ಲ ನೆನಪಿದೆ. ಕರ್ನಾಟಕದ ಚುನಾವಣೆ ಮುಗಿಯುವವರೆಗೆ ಕೆಲಸ ತಡೆಯುವುದಾಗಿ ಅಂದಿನ ಮುಖ್ಯಮಂತ್ರಿ ಕರುಣಾನಿಧಿ ಹೇಳಬೇಕಾಯಿತು. 2013ರ ಮೇ ತಿಂಗಳಲ್ಲಿ ಮುಖ್ಯಮಂತ್ರಿ ಜಯಲಲಿತಾ ಯೋಜನೆಯನ್ನು ಉದ್ಘಾಟಿಸಿದರು. ಸುಮಾರು 1,900 ಕೋಟಿ ರೂಪಾಯಿಯ ಯೋಜನೆ. ಧರ್ಮಪುರಿ, ಕೃಷ್ಣಗಿರಿ, ಹೊಸೂರು ಪಟ್ಟಣಗಳೂ 6,700ಕ್ಕೂ ಹೆಚ್ಚು ಹಳ್ಳಿ-ಹಟ್ಟಿಗಳೂ ಅದರ ವ್ಯಾಪ್ತಿಗೆ ಬಂದವು. ಅದರಲ್ಲಿ ಕನ್ನಡ ಮನೆಮಾತಿನ ಊರುಗಳು ಎಷ್ಟೋ ಇವೆ. ಆ ನೀರು ಕುಡಿಯುವ ಗಡಿನಾಡ ಕನ್ನಡಿಗರೇ ಇಂದು ಈ ಸಭೆಯಲ್ಲಿದ್ದಾರೆ.

1937ರ ತಿಳಿವಳಿಕೆಗೂ 2013ರ ಕೊಳಾಯಿಗೂ ನಡುವೆ 76 ವರ್ಷ. ಈ ಅಂತರದಲ್ಲಿ ಮೂರು ತಲೆಮಾರಿನ ಮಕ್ಕಳ ಹಲ್ಲು ಹಾಳಾಯಿತು. ಸಂಶೋಧನೆ ಇತ್ತು, ಅದನ್ನು ಬಾವಿಯ ಕಟ್ಟೆಯವರೆಗೆ ತರುವ ವ್ಯವಸ್ಥೆ ಇರಲಿಲ್ಲ.

ಇಲ್ಲಿ ರಾಷ್ಟ್ರೀಯ ವರಮಾನದ ಲೆಕ್ಕವನ್ನು ನೋಡಿ. ರಿಗ್ ಬಂದು ಬಾವಿ ಕೊರೆದಾಗ ವರಮಾನ ಏರಿತು. ಆ ನೀರು ಕುಡಿದು ಕೀಲು ನೋವಾಗಿ ಆಸ್ಪತ್ರೆಗೆ ಹೋದಾಗ ವರಮಾನ ಏರಿತು. ಕ್ಯಾನ್ ನೀರು ಕೊಂಡಾಗ ಏರಿತು. ಸಾಲ ತಂದು ಪೈಪು ಹಾಕಿದಾಗ ಮತ್ತೆ ಏರಿತು. ನಾಲ್ಕು ಸಲ ಏರಿದ ಈ ಲೆಕ್ಕದಲ್ಲಿ ಕುಸಿದ ಅಂತರ್ಜಲವೂ ಬಾಗಿದ ಬೆನ್ನೂ ಕಳೆದುಹೋದದ್ದೆಂದು ಎಲ್ಲಿಯೂ ದಾಖಲಾಗುವುದಿಲ್ಲ. ಭಾರತದ ರಾಷ್ಟ್ರೀಯ ವರಮಾನವನ್ನು ಶಾಸ್ತ್ರೀಯವಾಗಿ ಅಳೆದ ಮೊದಲಿಗರಲ್ಲಿ ಒಬ್ಬರು ಡಾ. ವಿ.ಕೆ.ಆರ್.ವಿ. ರಾವ್. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರು. ಆದರೆ ವರಮಾನದ ಅಂಕಿಯೊಂದರಿಂದಲೇ ಜನರ ಕ್ಷೇಮವನ್ನು ಅಳೆಯಬಾರದೆಂದು 2009ರಲ್ಲಿ ಸ್ಟಿಗ್ಲಿಟ್ಜ್, ಅಮರ್ತ್ಯ ಸೇನ್, ಫಿಟೂಸಿ ಅವರ ಆಯೋಗ ಫ್ರಾನ್ಸ್ ಸರ್ಕಾರಕ್ಕೆ ವರದಿ ಕೊಟ್ಟಿತು. ಆ ವರದಿಯ ವಾದವನ್ನು ಅರ್ಥಮಾಡಿಕೊಳ್ಳಲು ಪೆನ್ನಾಗರಂ ತಾಲೂಕಿನ ಒಂದು ಹಳ್ಳಿಯ ಬಾವಿಗಳ ಇತಿಹಾಸ ಸಾಕು.

4. ಒಂದು ನದಿ, ಹಲವು ಕಡತ

ಹೊಗೆನಕಲ್‌ಗೆ ಸಾಲ ಕೊಟ್ಟ ಜೈಕಾ ಸಂಸ್ಥೆಯೇ ಮೇಲ್ಗಡೆ ಬೆಂಗಳೂರಿನ ಕಾವೇರಿ ಯೋಜನೆಗಳಿಗೂ ಸಾಲ ಕೊಟ್ಟಿದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಮೇಲಕ್ಕೆ ಎತ್ತುತ್ತದೆ. ಬೆಂಗಳೂರಿನವರಿಗೆ ಆ ನೀರು ಬೇಕೇ ಬೇಕು. ಆದರೆ ನಗರ ಕುಡಿದ ನೀರು ಎಲ್ಲಿ ಹೋಗುತ್ತದೆ? ಒಂದು ಭಾಗ ವೃಷಭಾವತಿಗೆ ಸೇರಿ, ಅರ್ಕಾವತಿಯ ಮೂಲಕ ಕನಕಪುರ ತಾಲೂಕಿನ ಸಂಗಮದಲ್ಲಿ ಕಾವೇರಿಗೆ ಬಂದು, ಮೇಕೆದಾಟು ದಾಟಿ ಇಲ್ಲಿಗೆ ಬರುತ್ತದೆ. ಇನ್ನೊಂದು ಭಾಗ ಬೆಳ್ಳಂದೂರು, ವರ್ತೂರು ಕೆರೆಗಳ ದಾರಿಯಿಂದ ದಕ್ಷಿಣ ಪಿನಾಕಿನಿ ಸೇರಿ ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ನೊರೆಯಾಗಿ ಬರುತ್ತದೆ. ಫ್ಲೋರೈಡಿನಿಂದ ಬಿಡುಗಡೆಗಾಗಿ ಸಾಲ ಮಾಡಿದ ಜಿಲ್ಲೆಗಳಿಗೆ ಮಹಾನಗರದ ಕೊಳೆ ಎರಡು ಕಡೆಯಿಂದ ಬರುತ್ತಿದೆ. ಸಾಲದ ಕಡತಗಳಲ್ಲಿ ಬೆಂಗಳೂರು ಒಂದು ಯೋಜನೆ, ಹೊಗೆನಕಲ್ ಇನ್ನೊಂದು. ನದಿ ಮಾತ್ರ ಒಂದೇ.

ಸಂಶೋಧನೆ ಈ ಬೇಲಿಯನ್ನು ದಾಟಬಲ್ಲದು, ದಾಟಿದೆ. ಅರ್ಕಾವತಿ ಏಕೆ ಒಣಗಿತು ಎಂದು ಬೆಂಗಳೂರಿನ ಏಟ್ರೀ ಸಂಸ್ಥೆಯವರು ವರ್ಷಗಟ್ಟಲೆ ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಮಳೆ ಕಡಿಮೆಯಾದದ್ದೇ ಕಾರಣವೆಂಬ ನಂಬಿಕೆಯನ್ನು ಅವರ ಅಂಕಿ ಒಪ್ಪಲಿಲ್ಲ. ಕೊಳವೆ ಬಾವಿಗಳು, ನೀಲಗಿರಿ ತೋಪುಗಳು ಮುಖ್ಯ ಕಾರಣವಾಗಿ ಕಂಡವು. ಅದಕ್ಕೂ ಮೊದಲು, 2003ರಲ್ಲಿ, ಕಾವೇರಿಗಾಗಿ ಎರಡೂ ಕಡೆ ಜನ ಬೀದಿಗಿಳಿದಿದ್ದ ಹೊತ್ತಿನಲ್ಲಿ, ಚೆನ್ನೈಯ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಪ್ರೊ. ಎಸ್. ಜನಕರಾಜನ್ ಎರಡೂ ರಾಜ್ಯಗಳ ರೈತರನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. ಅದು ಕಾವೇರಿ ಕುಟುಂಬ ಎಂಬ ಹೆಸರಿನಿಂದ ಮುಂದುವರಿಯಿತು. ಮಂಡ್ಯದ ರೈತ ತಂಜಾವೂರಿನ ಗದ್ದೆಯ ಬದುವಿನ ಮೇಲೆ, ತಂಜಾವೂರಿನ ರೈತ ಮಂಡ್ಯದ ಕಾಲುವೆಯ ಮೇಲೆ ನಿಂತು ನೋಡಿದರು. ವಿವಾದ ಮುಗಿಯಲಿಲ್ಲ. ಆದರೆ ಒಬ್ಬರ ಸಂಕಟದ ಅಳತೆ ಇನ್ನೊಬ್ಬರಿಗೆ ಸಿಕ್ಕಿತು. ವಿದ್ವತ್ ಸಂಸ್ಥೆಯೊಂದು ಮಾಡಬಹುದಾದ ಅತ್ಯುತ್ತಮ ಕೆಲಸಗಳಲ್ಲಿ ಅದೂ ಒಂದೆಂದು ನಾನು ನಂಬಿದ್ದೇನೆ.

5. ಅಳತೆ ಮರಳಿ ಬಂದಾಗ

ಅಳತೆ ಜನರ ಕೈಗೆ ಮರಳಿದ್ದಕ್ಕೆ ಈಗ ಎರಡು ಉದಾಹರಣೆ. ಒಂದು ಈ ಜಿಲ್ಲೆಯದು, ಇನ್ನೊಂದು ಮತ್ತೊಂದು ಗಡಿನಾಡಿನದು.

1990ರಲ್ಲಿ ಅಮರ್ತ್ಯ ಸೇನ್ ಜಗತ್ತಿನಲ್ಲಿ ಹತ್ತು ಕೋಟಿಗೂ ಹೆಚ್ಚು ಮಹಿಳೆಯರು ಕಾಣೆಯಾಗಿದ್ದಾರೆ ಎಂದು ಬರೆದರು. ಮರುವರ್ಷದ ಜನಗಣತಿಯಲ್ಲಿ ಸೇಲಂ ಜಿಲ್ಲೆಯ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 849 ಹೆಣ್ಣುಮಕ್ಕಳಷ್ಟೇ ಇದ್ದರು. ಬೇಡವೆಂದ ಹೆಣ್ಣು ಶಿಶುವನ್ನು ಸರ್ಕಾರದ ತೊಟ್ಟಿಲಿಗೆ ಒಪ್ಪಿಸಬಹುದಾದ ತೊಟ್ಟಿಲು ಮಗು ಯೋಜನೆ 1992ರಲ್ಲಿ ಸೇಲಂನಿಂದ ಆರಂಭವಾಯಿತು. ಧರ್ಮಪುರಿಯ ಸ್ಥಿತಿಯೂ ಅಷ್ಟೇ ಕಳವಳಕಾರಿಯಾಗಿತ್ತು. ಐಎಎಸ್ ಅಧಿಕಾರಿ ಶೀಲಾ ರಾಣಿ ಚುಂಕತ್ ಮತ್ತು ಅರ್ಥಶಾಸ್ತ್ರಜ್ಞ ವೆಂಕಟೇಶ ಆತ್ರೇಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ದಾಖಲೆಗಳನ್ನು ತೆಗೆದು ಹೆಣ್ಣು ಶಿಶುಗಳ ಸಾವಿನ ವಿವರವನ್ನು ಅಧ್ಯಯನ ಮಾಡಿದರು. ಮುಖ್ಯವಾದದ್ದು ಮುಂದಿನ ಹೆಜ್ಜೆ. 1990ರ ದಶಕದ ಕೊನೆಯಲ್ಲಿ ಧರ್ಮಪುರಿ ಜಿಲ್ಲೆಯಲ್ಲಿ ಬೀದಿ ನಾಟಕಗಳ ದೊಡ್ಡ ಆಂದೋಲನ ನಡೆಯಿತು. ಕಡತದಲ್ಲಿದ್ದ ಸತ್ಯ ಊರ ಬೀದಿಗೆ, ಊರಿನ ಮಾತಿನಲ್ಲಿ ಬಂತು. ತಾಯಂದಿರು, ಅತ್ತೆಯಂದಿರು, ಅಪ್ಪಂದಿರು ಕುಳಿತು ನೋಡಿದರು. 2011ರ ಜನಗಣತಿಯ ಹೊತ್ತಿಗೆ ಸೇಲಂ, ಧರ್ಮಪುರಿ ಎರಡೂ ಜಿಲ್ಲೆಗಳಲ್ಲಿ ಆ ಪ್ರಮಾಣ 900 ದಾಟಿತ್ತು. ನಾಟಕ ಒಂದೇ ಕಾರಣವೆಂದು ಯಾರೂ ಹೇಳಲಾರರು. ಕಾನೂನು, ಆರೋಗ್ಯ ಸೇವೆ, ಹೆಣ್ಣುಮಕ್ಕಳ ಓದು, ಸ್ವಸಹಾಯ ಸಂಘಗಳು ಎಲ್ಲವೂ ಸೇರಿವೆ. ಆದರೆ ಅಳತೆಯನ್ನು ಜನರಿಗೆ ಮರಳಿಸಿದ ಸಂಶೋಧನೆ ಹೇಗಿರುತ್ತದೆಂದು ಜಗತ್ತಿಗೆ ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಎರಡನೆಯದು ಕಾಸರಗೋಡಿನ ಕಡಲು. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ 1996ರಿಂದ 2001ರವರೆಗೆ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಹದಿನೈದು ಕಡಲದಂಡೆಯ ಪೇಟೆಗಳಲ್ಲಿ ಬೂತಾಯಿ ಮೀನಿನ ಬೆಲೆಯನ್ನು ವಾರವಾರವೂ ಬರೆಸಿದರು. ಮೊಬೈಲ್ ಫೋನ್ ಬರುವ ಮೊದಲು ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಮೀನನ್ನು ಚೆಲ್ಲುತ್ತಿದ್ದರೆ, ಹತ್ತಿರದ ಇನ್ನೊಂದು ದಂಡೆಯಲ್ಲಿ ಮೀನು ಸಿಗದೆ ಕೊಳ್ಳುವವರು ಹಿಂದಿರುಗುತ್ತಿದ್ದರು. ಫೋನ್ ಬಂದ ಮೇಲೆ ಕಡಲಿನಲ್ಲಿರುವಾಗಲೇ ಬೆಲೆ ಕೇಳಿ ಯಾವ ದಂಡೆಗೆ ಹೋಗಬೇಕೆಂದು ತೀರ್ಮಾನಿಸಿದರು. ಚೆಲ್ಲುವುದು ನಿಂತಿತು, ಬೆಸ್ತರ ಲಾಭ ಸರಾಸರಿ ನೂರಕ್ಕೆ 8ರಷ್ಟು ಏರಿತು, ಕೊಳ್ಳುವವರ ಬೆಲೆ ನೂರಕ್ಕೆ 4ರಷ್ಟು ಇಳಿಯಿತು. 2007ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಜಗತ್ತಿನ ಎಷ್ಟೋ ತರಗತಿಗಳಲ್ಲಿ ಓದಿಸುತ್ತಾರೆ. ಕೆಲವು ವರ್ಷಗಳ ನಂತರ ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಕೇರಳದ ಬೆಸ್ತರ ನಡುವೆ ಮತ್ತೆ ಅಧ್ಯಯನಕ್ಕೆ ಇಳಿದು ಇನ್ನೊಂದು ಸತ್ಯವನ್ನು ಮುಂದಿಟ್ಟರು: ದೋಣಿಗೆ ಸಾಲ ಕೊಟ್ಟ ದಲ್ಲಾಳಿಗೇ ಮೀನು ಹಾಕಬೇಕಾದವನಿಗೆ ಬೆಲೆ ತಿಳಿದರೂ ಮನಸ್ಸಿಗೆ ಬಂದ ಕಡೆ ಮಾರುವ ಸ್ವಾತಂತ್ರ್ಯವಿಲ್ಲ. ಎರಡೂ ಅಧ್ಯಯನಗಳನ್ನು ಒಟ್ಟಿಗೆ ಓದಬೇಕು. ಮಾಹಿತಿ ದುಡಿಯುವವರ ಕೈಗೆ ಬರಬೇಕು. ಅದರಂತೆ ನಡೆಯುವ ಶಕ್ತಿಯೂ ಬರಬೇಕು.

ಹೊಗೆನಕಲ್ ತೆಪ್ಪದವರಿಗೆ ಇಂದು ಬಿಳಿಗುಂಡ್ಲಿನ ಅಂಕಿ ನಿಷೇಧದ ಆದೇಶವಾಗಿ ಬರುತ್ತದೆ. ಅದು ಮುನ್ಸೂಚನೆಯಾಗಿ, ಎರಡು ದಿನ ಮೊದಲು, ಕನ್ನಡ ಮತ್ತು ತಮಿಳಿನಲ್ಲಿ ಅವರ ಫೋನಿಗೆ ಬರಲು ಯಾವ ಹೊಸ ಆವಿಷ್ಕಾರವೂ ಬೇಕಿಲ್ಲ. ಕಬಿನಿ, ಕೃಷ್ಣರಾಜಸಾಗರದಿಂದ ಬಿಟ್ಟ ನೀರು ಇಲ್ಲಿಗೆ ತಲುಪಲು ಸಮಯ ಹಿಡಿಯುತ್ತದೆ. ಆ ಸಮಯವನ್ನು ಬಡವರ ಪಾಲಿಗೆ ಕೊಟ್ಟರೆ ಸಾಕು.

6. ನನ್ನ ಕೋರಿಕೆ

ಮೈಸೂರು ವಿಶ್ವವಿದ್ಯಾಲಯ 1916ರಿಂದ ಇದೆ, ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯ 1997ರಿಂದ ಇದೆ. ಚೆನ್ನೈಯ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಗೂ ಬೆಂಗಳೂರಿನಲ್ಲಿ ರಾವ್ ಕಟ್ಟಿದ ಸಂಸ್ಥೆಗೂ ಅರ್ಧ ಶತಮಾನದ ಅನುಭವವಿದೆ. ಇವರ ಮುಂದೆ ಮೂರು ಕೋರಿಕೆ ಇಡುತ್ತೇನೆ.

ಮೊದಲನೆಯದು, ಶಿವನಸಮುದ್ರದಿಂದ ಮೆಟ್ಟೂರಿನವರೆಗಿನ ಕಾವೇರಿಯನ್ನು ಒಂದೇ ಕ್ಷೇತ್ರವೆಂದು ತಿಳಿದು ಎರಡು ರಾಜ್ಯಗಳ ವಿದ್ಯಾರ್ಥಿಗಳು ಜೊತೆಯಾಗಿ ಅಧ್ಯಯನ ಮಾಡಲಿ. ಕನ್ನಡದವರು ತಮಿಳು ಕಲಿಯಲಿ, ತಮಿಳಿನವರು ಕನ್ನಡ ಕಲಿಯಲಿ. ಗಡಿನಾಡಿನ ಮಕ್ಕಳಿಗೆ ಎರಡೂ ಬರುತ್ತವೆ. ಈ ಕೆಲಸದ ಮುಂದಾಳುಗಳಾಗಲು ಅವರೇ ತಕ್ಕವರು.

ಎರಡನೆಯದು, ಪ್ರತಿ ಸಾರ್ವಜನಿಕ ಕೊಳವೆ ಬಾವಿಯ ಪಕ್ಕದಲ್ಲಿ ಅದರ ಆಳ, ಫ್ಲೋರೈಡ್ ಪ್ರಮಾಣ, ಪರೀಕ್ಷೆಯ ದಿನಾಂಕ ಊರಿನ ಭಾಷೆಯಲ್ಲಿ ಗೋಡೆಯ ಮೇಲೆ ಬರೆದಿರಲಿ. ಶಾಲೆಯ ಮಕ್ಕಳೇ ವರ್ಷಕ್ಕೆರಡು ಸಲ ಪರೀಕ್ಷೆ ಮಾಡಬಹುದಾದ ಸರಳ ಕಿಟ್‌ಗಳು ಇವೆ.

ಮೂರನೆಯದು, ಒಂದು ಹಳ್ಳಿಯಲ್ಲಿ ಅಂಕಿಅಂಶ ಸಂಗ್ರಹಿಸಿದ ಯಾವ ಸಂಶೋಧಕರೇ ಆಗಲಿ, ಪ್ರಬಂಧ ಪ್ರಕಟವಾದ ಮೇಲೆ ಅದೇ ಹಳ್ಳಿಯ ಗ್ರಾಮಸಭೆಗೆ ಬಂದು ತಾವು ಕಂಡದ್ದನ್ನು ಹೇಳಬೇಕು. ಇದನ್ನು ಪದವಿಯ ನಿಯಮವನ್ನಾಗಿ ಮಾಡುವ ಅಧಿಕಾರ ವಿಶ್ವವಿದ್ಯಾಲಯಗಳಿಗಿದೆ.

ದತ್ತಿಯನ್ನಿಟ್ಟವರಲ್ಲೂ ಒಂದು ಮಾತು. ಉಪನ್ಯಾಸಗಳು ಬೇಕು, ಅದರ ಜೊತೆಗೆ ಪ್ರತಿ ವರ್ಷ ಈ ಸೀಮೆಯ ಒಬ್ಬ ವಿದ್ಯಾರ್ಥಿಗೋ ವಿದ್ಯಾರ್ಥಿನಿಗೋ ಒಂದು ಊರಿನ ನೀರಿನ ಲೆಕ್ಕವನ್ನು ಕನ್ನಡದಲ್ಲಿ ಬರೆಯಲು ಈ ದತ್ತಿಯಿಂದ ಒಂದು ಸಣ್ಣ ವೇತನ ಕೊಡಿ. ಹತ್ತು ವರ್ಷ ಕಳೆದರೆ ಹತ್ತು ಊರುಗಳ ಲೆಕ್ಕ ಆ ಊರಿನವರ ಕೈಯಲ್ಲಿರುತ್ತದೆ. ಮುಂದಿನ ವರ್ಷದ ಉಪನ್ಯಾಸವನ್ನು ಅಂಥ ಮೊದಲ ವಿದ್ಯಾರ್ಥಿಯೇ ಕೊಡುವಂತಾಗಲಿ.